ಮಹಾವೇಲಿಯ ಜೊತೆಗೇ ಇಳಿದು ಬನ್ನಿ

ಕ್ಯಾಂಡಿ, ಜೂನ್

ಪ್ರೀತಿಯ ಗಿರಿಜಾ,

ಅಪ್ಪ ಹೊರಡಲು ಒಪ್ಪಿದ ಸುದ್ದಿ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗದ್ದೆ, ದನ, ನಾಲೆ ನೀರು ಅಂತ ಚನ್ನಗಿರಿ ದಾಟದ ಮನುಷ್ಯ ವಿಮಾನಕ್ಕೆ ಹೂಂ ಅಂದಿದ್ದಾರೆ. ಅವರ ಮನಸ್ಸು ಬದಲಾಗುವ ಮೊದಲೇ ಟಿಕೆಟ್ ತೆಗೆಸಿಬಿಡು.

ನೀನು ಕಳಿಸಿದ ಪಟ್ಟಿ ನೋಡಿದೆ. ಯಾಲ, ಮಿರಿಸ್ಸ, ಶ್ರೀಪಾದ, ಸಿಂಹರಾಜ, ಗಾಲ್ ಕೋಟೆ, ಸಿಗಿರಿಯ, ತ್ರಿಂಕೋಮಲಿ: ಶ್ರೀಲಂಕಾದ ನಾಲ್ಕೂ ಮೂಲೆಗಳು ಅದರಲ್ಲಿವೆ. ಒಂದು ವಾರದಲ್ಲಿ ಇಷ್ಟನ್ನೂ ಸುತ್ತಿದರೆ ಅಪ್ಪ ನೋಡುವುದು ಕಾರಿನ ಕಿಟಕಿಯನ್ನು ಮಾತ್ರ. ಇಲ್ಲಿಗೆ ಬರುವವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ತಿಂಗಳು ಅಂತ. ಜಾಗ ಯಾವುದು ಅನ್ನುವುದು ಆಮೇಲಿನ ಮಾತು.

ಈ ದ್ವೀಪಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಪಶ್ಚಿಮ, ದಕ್ಷಿಣದ ಕಡೆ ಸುರಿಯುತ್ತದೆ. ನಡುವಿನ ಬೆಟ್ಟಸಾಲು ಆ ಮೋಡವನ್ನು ತಡೆಯುವುದರಿಂದ ಪೂರ್ವ, ಉತ್ತರದಲ್ಲಿ ಒಣಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತದ ಸರದಿ, ಆಗ ಲೆಕ್ಕ ತಿರುವುಮುರುವು. ಆಗುಂಬೆಯಲ್ಲಿ ಮಳೆ ಹೊಯ್ಯುವಾಗ ನಮ್ಮೂರಲ್ಲಿ ಮೋಡ ನೋಡುತ್ತ ಕೂರುತ್ತಿದ್ದೆವಲ್ಲ, ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಬರುವುದು ಆಗಸ್ಟ್‌ನಲ್ಲಿ. ಹಾಗಾಗಿ ಮಿರಿಸ್ಸ ಬಿಡು. ಅಲ್ಲಿ ನೀಲಿ ತಿಮಿಂಗಿಲ ನೋಡಲು ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ, ಆಗಸ್ಟ್‌ನಲ್ಲಿ ಕಡಲು ಒರಟು. ಶ್ರೀಪಾದ ಬೆಟ್ಟದ ಯಾತ್ರೆಯೂ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆಯವರೆಗೆ. ಆಮೇಲೆ ಗಾಳಿ, ಮಳೆ, ಕತ್ತಲು. ಸಿಂಹರಾಜ ನನ್ನ ಮೆಚ್ಚಿನ ಕಾಡು. ಹತ್ತಾರು ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಮರದಿಂದ ಮರಕ್ಕೆ ಹಾರುತ್ತ ಮೇಯುವುದನ್ನು ಅಲ್ಲಿ ನೋಡಬೇಕು. ಆದರೆ ಮಳೆಯಲ್ಲಿ ಇಂಬಳಗಳ ಕಾಟ, ಜಾರುವ ದಾರಿ. ಅಪ್ಪನ ಮೊಣಕಾಲಿಗೆ ಆಗದು. ನಿನ್ನ ಮಗ ಅಭಿಗೆ ಚಿರತೆ ನೋಡುವ ಆಸೆ ಅಂತ ಗೊತ್ತು. ಈ ದೇಶದಲ್ಲಿ ಹುಲಿಯಿಲ್ಲ, ಚಿರತೆಯೇ ಕಾಡಿನ ದೊರೆ. ಆದ್ದರಿಂದ ಯಾಲದಲ್ಲಿ ಅದು ಹಗಲಲ್ಲೇ ಬಂಡೆಯ ಮೇಲೆ ಮಲಗಿರುವುದುಂಟು. ಆದರೆ ಅದೊಂದಕ್ಕಾಗಿ ತೆಂಕಣ ತುದಿಯವರೆಗೆ ಹೋಗಿ, ಸಾಲು ಜೀಪುಗಳ ಧೂಳಿನಲ್ಲಿ ಕುಲುಕಾಡಬೇಕು. ಅವನನ್ನು ಇನ್ನೊಮ್ಮೆ ನಾನೇ ಕರೆದುಕೊಂಡು ಹೋಗುತ್ತೇನೆ, ಹೇಳು.

ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಮಹಾವೇಲಿ ಇಲ್ಲಿಯ ಅತಿ ಉದ್ದದ ನದಿ, 335 ಕಿಲೋಮೀಟರ್. ಬೆಟ್ಟದ ಮೇಲೆ ಹುಟ್ಟಿ, ನಮ್ಮ ಕ್ಯಾಂಡಿಯನ್ನು ಬಳಸಿ, ಬಯಲಿನ ಕೆರೆಗಳಿಗೆ ನೀರುಣಿಸಿ, ತ್ರಿಂಕೋಮಲಿಯ ಹತ್ತಿರ ಕಡಲು ಸೇರುತ್ತದೆ. ನೀವೂ ಅದರ ಜೊತೆಗೇ ಇಳಿದು ಬನ್ನಿ. ಅಪ್ಪ ಬದುಕಿಡೀ ಸೂಳೆಕೆರೆಯ ನೀರಿಗಾಗಿ ಕಾದವರು. ನೀರಿನ ದಾರಿ ಹಿಡಿದು ನಡೆದರೆ ಅವರಿಗೆ ಈ ದೇಶ ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ಹಾರ್ಟನ್ ಪ್ಲೇನ್ಸ್. ಎರಡು ಸಾವಿರ ಮೀಟರ್‌ಗೂ ಎತ್ತರದ ಈ ಬಯಲಿನ ತೊರೆಗಳೇ ಮಹಾವೇಲಿ, ಕೆಲಾನಿ, ವಳವೆ ಎಂಬ ಮೂರು ನದಿಗಳಿಗೆ ನೀರು ಕೊಡುವುದು. ಹುಲ್ಲುಗುಡ್ಡ, ಮಡಿಕೆಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು, ಬೆಳಗಿನ ಚಳಿಯಲ್ಲಿ ಹೊಗೆಯಾಡುವ ಉಸಿರು ಬಿಡುತ್ತ ನಿಂತ ಕಡವೆಗಳು. ಕುದುರೆಮುಖ ಕಂಡವರಿಗೆ ಇದು ಗುರುತಿನ ನೆಲ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಸೇರಿಸಿ ಒಂದೇ ಜೀವವೈವಿಧ್ಯದ ನೆಲೆ ಎಂದು ವಿಜ್ಞಾನಿಗಳು ಎಣಿಸುವುದು ಸುಮ್ಮನೆ ಅಲ್ಲ. ನೀನೂ ಅಭಿಯೂ ಕತ್ತಲಿರುವಾಗಲೇ ಹೊರಟು ಒಂಬತ್ತು ಗಂಟೆಯೊಳಗೆ ‘ವರ್ಲ್ಡ್ಸ್ ಎಂಡ್’ ಅಂಚಿನಲ್ಲಿರಬೇಕು. ಸುಮಾರು 880 ಮೀಟರ್ ಪ್ರಪಾತ; ಹೊತ್ತೇರಿದರೆ ಮಂಜು ಕವಿದು ಏನೂ ಕಾಣದು. ಸುತ್ತಿ ಬರಲು ಒಂಬತ್ತು ಕಿಲೋಮೀಟರ್ ನಡಿಗೆ. ಪ್ಲಾಸ್ಟಿಕ್ ಚೀಲ ಒಯ್ಯಬೇಡ, ಬಾಗಿಲಲ್ಲೇ ಚೀಲ ಬಿಚ್ಚಿಸಿ ತೆಗೆದಿಡುತ್ತಾರೆ. ಅಪ್ಪ ನುವರ ಎಲಿಯದಲ್ಲಿ ನನ್ನ ಜೊತೆ ಚಹಾ ತೋಟ ನೋಡುತ್ತಿರಲಿ. ಅಲ್ಲಿಗೆ ರೈಲಿನಲ್ಲಿ ಹೋಗುವುದೇ ಚೆಂದ. ಆದರೆ 2025ರ ನವೆಂಬರ್‌ನ ದಿತ್ವಾ ಚಂಡಮಾರುತದಲ್ಲಿ ಗುಡ್ಡ ಕುಸಿದು ಹಳಿ ಬಹಳ ಹಾಳಾಗಿತ್ತು. ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಅಂತ ನಾನೇ ನಿಲ್ದಾಣಕ್ಕೆ ಹೋಗಿ ಕೇಳಿಬರುತ್ತೇನೆ.

ಕ್ಯಾಂಡಿಯಲ್ಲಿ ಎರಡು ದಿನ ನಮ್ಮ ಮನೆಯಲ್ಲೇ ಸುಧಾರಿಸಿಕೊಳ್ಳಿ. ದಂತ ಮಂದಿರದ ಪೆರಹೆರ ಮೆರವಣಿಗೆ ಆಗಸ್ಟ್ ಹುಣ್ಣಿಮೆಗೆ ಮುಗಿಯುತ್ತದೆ. ಆ ನೂಕುನುಗ್ಗಲಿನಲ್ಲಿ ಅಪ್ಪನನ್ನು ನಿಲ್ಲಿಸಲು ನನಗೆ ಧೈರ್ಯವಿಲ್ಲ. ಬದಲು ಪೆರಾದೆನಿಯದ ಸಸ್ಯೋದ್ಯಾನಕ್ಕೆ ಹೋಗೋಣ. 1821ರಿಂದ ಇರುವ ಈ ತೋಟವನ್ನು ಮಹಾವೇಲಿ ಮೂರು ಕಡೆಯಿಂದ ಬಳಸಿ ಹರಿಯುತ್ತದೆ.

ಸಿಗಿರಿಯದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. 5ನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ತಲೆಯ ಮೇಲೆ ಅರಮನೆ ಕಟ್ಟಿಸಿದ. ಬಾಗಿಲು ತೆರೆಯುವ ಹೊತ್ತಿಗೇ ಹತ್ತಲು ಶುರುಮಾಡಿ, ಮೇಲೆ ಗಲಾಟೆ ಮಾಡಬೇಡಿ. ಬಂಡೆಯ ಮಗ್ಗುಲಲ್ಲಿ ಹೆಜ್ಜೇನು ಕಟ್ಟುತ್ತದೆ. ಕೆಳಗಿನ ನೀರಿನ ಉದ್ಯಾನಕ್ಕೆ ಅಪ್ಪನನ್ನು ಕರೆದೊಯ್ಯುತ್ತೇನೆ. ಅಲ್ಲಿಯ ಕಲ್ಲಿನ ಕಾರಂಜಿಗಳು ಯಾವ ಪಂಪೂ ಇಲ್ಲದೆ ಬರೀ ನೀರಿನ ಒತ್ತಡದಿಂದ ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ, ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇನ್ನು ಮಿನ್ನೇರಿಯ. ಗಿರಿಜಾ, ಇದೊಂದಕ್ಕಾಗಿಯೇ ನಾನು ಆಗಸ್ಟ್ ಒಪ್ಪಿದ್ದು. ಮಹಾಸೇನ ರಾಜ 3ನೇ ಶತಮಾನದ ಕೊನೆಗೆ ಕಟ್ಟಿಸಿದ ಕೆರೆ ಅದು. ಕಟ್ಟಿಸಿದವನನ್ನೇ ಜನ ದೇವರೆಂದು ಇಂದಿಗೂ ಪೂಜಿಸುತ್ತಾರೆ. ಬಿಸಿಲಿಗೆ ಕೆರೆ ಹಿಂಜರಿದಂತೆ ಅಂಗಳದಲ್ಲಿ ಎಳೆಹುಲ್ಲು ಏಳುತ್ತದೆ. ಸುತ್ತಲ ಕಾಡು ಒಣಗಿರುವ ಹೊತ್ತು. ಆ ಹುಲ್ಲಿಗೂ ನೀರಿಗೂ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಒಳ್ಳೆಯ ವರ್ಷದಲ್ಲಿ ಇನ್ನೂರು, ಮುನ್ನೂರು ಒಂದೇ ಕೆರೆಯಂಗಳದಲ್ಲಿ! ಸಂಜೆ ನಾಲ್ಕರ ಮೇಲೆ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಒಂದೇ ಒಂದು ಆನೆಯನ್ನು ನೋಡುತ್ತ ಕೂರಿ. ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡವನ್ನು ಒದ್ದು ಸಡಿಲ ಮಾಡುತ್ತದೆ, ಸೊಂಡಿಲಿನಿಂದ ಹಿಡಿ ಕಟ್ಟಿ ಎಳೆಯುತ್ತದೆ, ಕಾಲಿಗೆ ಬಡಿದು ಮಣ್ಣು ಉದುರಿಸಿ ಆಮೇಲೆ ಬಾಯಿಗೆ ಇಡುತ್ತದೆ. ಸಸಿಮಡಿ ಕೀಳುವಾಗ ಅಪ್ಪ ಸಸಿಯ ಕಟ್ಟನ್ನು ಕಾಲಿಗೆ ಬಡಿದು ಕೆಸರು ಉದುರಿಸುತ್ತಿದ್ದರಲ್ಲ, ಥೇಟ್ ಹಾಗೆ. ಮರಿಗಳಿಗೆ ಇನ್ನೂ ಸೊಂಡಿಲು ಹತೋಟಿಗೆ ಬಂದಿರುವುದಿಲ್ಲ. ತಾಯಿಯ ಬಾಯಿಂದ ಬಿದ್ದ ಎಳೆಯನ್ನು ಎತ್ತಿಕೊಳ್ಳಲು ಹೆಣಗುತ್ತವೆ. ಇಲ್ಲಿಯ ಗಂಡಾನೆಗಳಲ್ಲಿ ನೂರಕ್ಕೆ ಹತ್ತಕ್ಕೂ ಕೋರೆ ಇರುವುದಿಲ್ಲ. ನಾಗರಹೊಳೆ ನೋಡಿದ ಅಭಿ ಎಲ್ಲವೂ ಹೆಣ್ಣೇ ಅಂದುಕೊಂಡಾನು, ತಿಳಿಸಿಹೇಳು.

ಒಂದು ಎಚ್ಚರ. ಮೊರಗಹಕಂದ ಜಲಾಶಯದ ನೀರು ಬರತೊಡಗಿದ ಮೇಲೆ ಕೆಲವು ವರ್ಷ ಬೇಸಿಗೆಯಲ್ಲೂ ಕೆರೆ ತುಂಬಿಯೇ ಇದ್ದು ಹುಲ್ಲು ಮುಳುಗಿದೆ. ರೈತನಿಗೆ ನೀರು ಬೇಕು, ಆನೆಗೆ ಹುಲ್ಲು ಬೇಕು. ಎರಡರ ನಡುವೆ ತೂಬು ಎತ್ತುವವನ ಕೆಲಸ ಎಷ್ಟು ಕಠಿಣ ಅಂತ ಅಪ್ಪನಿಗೆ ಗೊತ್ತು. ಹಾಗಾದ ವರ್ಷ ಆನೆಗಳು ಪಕ್ಕದ ಕೌಡುಲ್ಲ ಕೆರೆಗೋ ಹುರುಳು ಕಾಡಿಗೋ ಹೋಗುತ್ತವೆ. ಮುಂಗಡವಾಗಿ ಜೀಪು ಗೊತ್ತುಮಾಡದೆ ಅಂದಿನ ಮಧ್ಯಾಹ್ನ ಊರವರನ್ನೇ ಕೇಳೋಣ. ಆನೆ ಹತ್ತಿರ ಜೀಪು ನುಗ್ಗಿಸಬೇಡ ಅಂತ ಚಾಲಕನಿಗೆ ಮೊದಲೇ ಹೇಳಿ ಹತ್ತಬೇಕು. ಹೊಲದ ಅಂಚಿನ ಮರಗಳ ಮೇಲೆ ಅಟ್ಟಣೆ ಕಾಣುತ್ತವೆ, ರಾತ್ರಿಯಿಡೀ ಆನೆ ಕಾಯುವ ರೈತರವು. ಅಪ್ಪ ಅವರ ಜೊತೆ ಮಾತಾಡದೆ ಬಿಡುವುದಿಲ್ಲ. ನಾನು ಸಿಂಹಳದಲ್ಲಿ ಹೇಳುತ್ತ ಹೋಗುತ್ತೇನೆ.

ಮರುದಿನ ಪೊಲೊನ್ನರುವ. ಗಲ್ ವಿಹಾರದ ಕಲ್ಲಿನ ಬುದ್ಧರನ್ನು ನೋಡಿ, ಚೋಳರ ಕಾಲದ ಶಿವ ದೇವಾಲಯಕ್ಕೆ ಕೈಮುಗಿದು, ಸಂಜೆ ಪರಾಕ್ರಮ ಸಮುದ್ರದ ಏರಿಯ ಮೇಲೆ ನಡೆಯೋಣ. 12ನೇ ಶತಮಾನದಲ್ಲಿ ಪರಾಕ್ರಮಬಾಹು ಕಟ್ಟಿಸಿದ ಕೆರೆಗೆ ಸಮುದ್ರವೆಂದೇ ಹೆಸರು. ಏರಿಯ ಒಳಮಗ್ಗುಲಲ್ಲಿ ತೂಬಿಗೆ ಮುಂಚೆ ಚೌಕದ ಕಲ್ಲುಗುಂಡಿ ಮಾಡಿ ನೀರಿನ ರಭಸ ತಗ್ಗಿಸುವ ಉಪಾಯ ಇಲ್ಲಿಯ ಹಳೆಯ ಕೆರೆಗಳಲ್ಲಿದೆ. ಬಿಸೋಕೊಟುವ ಅನ್ನುತ್ತಾರೆ. ಅಂಥದೊಂದನ್ನು ಅಪ್ಪನಿಗೆ ತೋರಿಸಲೇಬೇಕು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ ಹೋಗುವ ಸರಣಿ ಕೆರೆಗಳು ಇಲ್ಲೂ ಉಂಟು. ನಮ್ಮಲ್ಲಿ ಎಷ್ಟೋ ಕೆರೆ ಹೂಳು ತುಂಬಿ ಸೈಟುಗಳಾದವು. ಇಲ್ಲಿ ಸಾವಿರ ವರ್ಷದ ಕೆರೆಗಳ ಕೆಳಗೆ ಈಗಲೂ ಭತ್ತ ತೂಗುತ್ತದೆ. ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ, ಸಂತೋಷವೂ ಆಗುತ್ತದೆ.

ಕೊನೆಗೆ ತ್ರಿಂಕೋಮಲಿ. ಆಗಸ್ಟ್‌ನಲ್ಲಿ ಅಲ್ಲಿಯ ಕಡಲು ಶಾಂತ. ಅಭಿ ನಿಲಾವೆಲಿಯಿಂದ ದೋಣಿಯಲ್ಲಿ ಪಾರಿವಾಳ ದ್ವೀಪಕ್ಕೆ ಹೋಗಲಿ. ಮುಖಕ್ಕೆ ಕನ್ನಡಕ ಕಟ್ಟಿ ತಲೆ ಮುಳುಗಿಸಿದರೆ ಹವಳದ ಮೇಲೆ ಬಣ್ಣದ ಮೀನುಗಳು, ಅದೃಷ್ಟವಿದ್ದರೆ ರೆಕ್ಕೆತುದಿ ಕಪ್ಪಗಿರುವ ಸಣ್ಣ ಶಾರ್ಕ್. ಅದು ಕಚ್ಚಲು ಬರುವುದಿಲ್ಲ. ಹವಳದ ಮೇಲೆ ಮಾತ್ರ ಕಾಲಿಡಕೂಡದು. ಅದು ಜೀವ, ಮುರಿದರೆ ಮತ್ತೆ ಬೆಳೆಯಲು ವರ್ಷಗಳು ಬೇಕು. ಅಪ್ಪನಿಗೆ ಕಡಲಂಚಿನ ಬಂಡೆಯ ಮೇಲಿನ ಕೋಣೇಶ್ವರ. ಪೋರ್ಚುಗೀಸರು ಕೆಡವಿದ ದೇವಸ್ಥಾನವನ್ನು ಮತ್ತೆ ಕಟ್ಟಿದ್ದಾರೆ. ಹೋಗುವ ದಾರಿಯ ಕೋಟೆಯೊಳಗೆ ಜಿಂಕೆಗಳು ದನಗಳಂತೆ ಓಡಾಡಿಕೊಂಡಿರುತ್ತವೆ.

ಊಟದ ಚಿಂತೆ ಬೇಡ. ಅನ್ನ, ಬೇಳೆ, ಹಲಸಿನಕಾಯಿ ಪಲ್ಯ ಎಲ್ಲೆಡೆ ಸಿಗುತ್ತದೆ. ಆದರೆ ಕಾಯಿ ಸಂಬೋಲಕ್ಕೆ ಒಣಮೀನಿನ ಪುಡಿ ಹಾಕುವುದು ವಾಡಿಕೆ. ಹೋಟೆಲಿನಲ್ಲಿ ಕೂತ ಕೂಡಲೇ ಕೇಳಬೇಕು. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಬಗನಿ ಮರದ ಜೋನಿಬೆಲ್ಲ ಸುರಿದು ಕೊಡುತ್ತಾರೆ, ಅಪ್ಪನಿಗೆ ಹಿಡಿಸುತ್ತದೆ. ಸಕ್ಕರೆ ಕಾಯಿಲೆ ನೆನಪಿಟ್ಟುಕೊಂಡು ಎರಡೇ ಚಮಚ.

ಅವರ ಗುಳಿಗೆಗಳನ್ನು ಹತ್ತು ದಿನಕ್ಕೆ ಹೆಚ್ಚಾಗಿಯೇ ತಾ, ಡಾಕ್ಟರ ಚೀಟಿಯೂ ಇರಲಿ. ಬೆಟ್ಟಕ್ಕೆ ಸ್ವೆಟರ್, ಮಫ್ಲರ್ ಮರೆಯಬೇಡ. ತ್ರಿಂಕೋಮಲಿಯಲ್ಲಿ ಆಗಸ್ಟ್‌ಗೆ ಕೋಣೆಗಳು ಬೇಗ ತುಂಬುತ್ತವೆ. ತಾರೀಖು ಗೊತ್ತಾದ ದಿನವೇ ಫೋನ್ ಮಾಡು. ನೆಲಮಹಡಿಯ ಕೋಣೆಯನ್ನೇ ಹಿಡಿಯುತ್ತೇನೆ.

ನಿನ್ನ ಅಕ್ಕ,
ಸುಮಾ