ಕೊತ್ತಿಯ ಕೋಪ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿಯೇ ನನ್ನ ಶಿಕ್ಷಕ ವೃತ್ತಿಯ ಬಹುಭಾಗ ಕಳೆಯಿತು. ಬಿಳಿಜೋಳ, ತೊಗರಿ ಬೆಳೆಯುವ ಕರಿನೆಲದ ಸೀಮೆಯಿದು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಹಗೇವಿನ ಕಾಲ ಮುಗಿದು ಜೋಳವು ಚೀಲಗಳಲ್ಲಿ ಮನೆಯ ಮೂಲೆ ಸೇರಿದ ಮೇಲೂ ಈ ನಂಟು ಕಡಿಯಲಿಲ್ಲ. ನಾನು ಬಾಡಿಗೆಗಿದ್ದ ಮನೆಗಳಲ್ಲೆಲ್ಲ ಒಂದಲ್ಲ ಒಂದು ಬೆಕ್ಕು ಇದ್ದೇ ಇರುತ್ತಿತ್ತು. ಅವುಗಳನ್ನು ನೋಡಿ ಕಲಿತ ಕೆಲವು ಸಂಗತಿಗಳನ್ನು, ಬಳಿಕ ಓದಿ ತಿಳಿದ ವಿಚಾರಗಳೊಡನೆ, ಓದುಗ ಮಿತ್ರರ ಮುಂದಿಡಬೇಕೆನಿಸಿದೆ.

ಬೆಕ್ಕು ಕಚ್ಚಿದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ. ಅದಕ್ಕೆ ಹುಚ್ಚು ಹಿಡಿದಿದೆಯೆಂದು ತೀರ್ಪು ಕೊಟ್ಟು, ಗೋಣಿಚೀಲದಲ್ಲಿ ತುಂಬಿ, ಊರಾಚೆಯ ಹಳ್ಳದ ದಂಡೆಯಲ್ಲಿ ಬಿಟ್ಟು ಬರುತ್ತಾರೆ. ಸಾಕಿದ ಪ್ರಾಣಿ ಅಲ್ಲಿ ಹಸಿವಿಗೋ ನಾಯಿಗಳಿಗೋ ತುತ್ತಾಗುತ್ತದೆ. ಇತ್ತ ಗಾಯವಾದ ಮಗುವಿಗೆ ಅರಿಷಿಣ ಹಚ್ಚಿ ಸುಮ್ಮನಾಗುತ್ತಾರೆ. ಎರಡು ಜೀವಗಳ ವಿಷಯದಲ್ಲಿಯೂ ಇದು ಸರಿಯಾದ ದಾರಿಯಲ್ಲ.

ಬಾಗೇವಾಡಿಯಲ್ಲಿ ನೆರೆಮನೆಯ ಗೃಹಸ್ಥರೊಬ್ಬರು ಒಂದು ಮುಂಜಾನೆ ಚೀಲ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. “ಗುರುಗಳೆ, ನಿನ್ನಿ ಸಂಜಿಮುಂದ ನಮ್ಮ ಹುಡುಗಿ ಕೈ ಹರದದ ನೋಡ್ರಿ. ಆಕಿ ಏನೂ ಮಾಡಿದ್ದಿಲ್ಲರಿ, ಬರೇ ಎತ್ತಗೊಳ್ಳಾಕ ಹೋಗಿದ್ಲು” ಎಂದರು. ಬೆಕ್ಕು ಆಗ ಎಲ್ಲಿ ಕುಳಿತಿತ್ತು ಎಂದು ಕೇಳಿದೆ. ಕಿಟಕಿಯಲ್ಲಿ ಎಂದರು. ಆ ಓಣಿಗೆ ಬೇರೆ ಕಡೆಯಿಂದ ಬಂದ ಗಂಡುಬೆಕ್ಕೊಂದು ಕೆಲವು ದಿನಗಳಿಂದ ಎದುರಿನ ಗೋಡೆಯ ಮೇಲೆ ಕುಳಿತು ಗುರುಗುಟ್ಟುತ್ತಿದ್ದುದನ್ನು ನಾವೆಲ್ಲ ಕೇಳಿದ್ದೆವು. ಕಿಟಕಿಯ ಸರಳುಗಳಾಚೆ ವೈರಿ, ತಲುಪಲು ದಾರಿಯಿಲ್ಲ. ಅದೇ ಹೊತ್ತಿಗೆ ಹಿಂದಿನಿಂದ ಬಂದ ಪುಟ್ಟ ಕೈ ಮೈಮುಟ್ಟಿತು. ವೈರಿಗೆ ತಾಕಬೇಕಾಗಿದ್ದ ಉಗುರು ಮಗುವಿಗೆ ತಾಕಿತು.

ಹಳೆ ಮೈಸೂರಿನ ಕಡೆ ಬೆಕ್ಕನ್ನು ಕೊತ್ತಿ ಎನ್ನುತ್ತಾರೆ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಕೊತ್ತಿಯೂ ಹಾಗೆಯೇ ಮಾಡುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ! ಪ್ರಾಣಿವರ್ತನೆಯನ್ನು ಅಭ್ಯಸಿಸಿದವರು ಇದನ್ನು ಗುರಿ ತಪ್ಪಿದ ಆಕ್ರಮಣವೆಂದೇ ಗುರುತಿಸಿದ್ದಾರೆ.

ಮೊದಲು ಆ ಮಗುವನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಬೆಕ್ಕನ್ನು ನೀರು, ಅನ್ನದೊಡನೆ ಒಂದು ಖಾಲಿ ಕೋಣೆಯಲ್ಲಿ ಇರಿಸಿದರು. ಕಿಟಕಿಯ ಕೆಳಭಾಗಕ್ಕೆ ರಟ್ಟು ಕಟ್ಟಿದರು. ಎರಡು ದಿನಗಳಲ್ಲಿ ಅದು ತಾನಾಗಿಯೇ ಬಂದು ಕಾಲಿಗೆ ಮೈ ಉಜ್ಜತೊಡಗಿತು. ಮುಂದೆ ಪಶುವೈದ್ಯರಿಂದ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ಗಂಡುಬೆಕ್ಕುಗಳ ಜಗಳ, ಅಲೆದಾಟ ಇದರಿಂದ ಬಹಳಷ್ಟು ಕಡಿಮೆಯಾಗುತ್ತವೆ. ಚೀಲ ಜೋಳಕ್ಕೇ ಉಳಿಯಿತು.

ಸಿಟ್ಟಿಗೆ ಕಾರಣಗಳು ಬೇರೆಯೂ ಇವೆ. ಇಂಡಿಯ ಮನೆಯೊಂದರಲ್ಲಿ ಜೋಳದ ಚೀಲಗಳ ಸಂದಿನಲ್ಲಿ ಮರಿ ಹಾಕಿದ್ದ ತಾಯಿಬೆಕ್ಕು, ದಿನವೂ ಹಾಲೆರೆಯುವ ಮನೆಯೊಡತಿಯನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮುದ್ದೇಬಿಹಾಳದಲ್ಲಿ ಮುದಿಬೆಕ್ಕೊಂದು ಇದ್ದಕ್ಕಿದ್ದಂತೆ ಕಚ್ಚತೊಡಗಿದಾಗ, ಅದರ ಹಲ್ಲು ಕೊಳೆತಿದ್ದುದು ತಿಳಿಯಿತು. ಸಾಧುಬೆಕ್ಕು ಏಕಾಏಕಿ ಮುನಿದರೆ ನೋವಿರಬಹುದೆಂದು ಊಹಿಸಿ ಪಶುವೈದ್ಯರಿಗೆ ತೋರಿಸಬೇಕು. ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮಾತ್ರ ಎಂದಿಗೂ ಕೊಡಕೂಡದು. ಬೆಕ್ಕಿಗೆ ಅದು ವಿಷ.

ಕಚ್ಚುವ ಮೊದಲು ಬೆಕ್ಕು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ, ಮುನಿದ ಬೆಕ್ಕು ಮತ್ತು ಒಲಿದ ಬೆಕ್ಕಿನ ನಿಲುವುಗಳನ್ನು ಚಿತ್ರಸಹಿತ ವಿವರಿಸಿದ್ದಾನೆ. ನೆಟ್ಟಗೆ ಮೇಲೆತ್ತಿದ ಬಾಲ ಸ್ನೇಹದ ಗುರುತು. ಬಾಲವನ್ನು ಅತ್ತಿತ್ತ ಬಡಿಯುವುದು, ಕಿವಿಗಳನ್ನು ಹಿಂದಕ್ಕೆ ಮಡಿಸುವುದು, ಕಣ್ಣಪಾಪೆ ಹಿಗ್ಗುವುದು, ಬೆನ್ನಿನ ಚರ್ಮ ಅದುರುವುದು ‘ಸಾಕು, ಬಿಡು’ ಎಂಬುದರ ಗುರುತುಗಳು. ನಾಯಿ ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಒಲವೆಂದು ಬಲ್ಲ ಮಕ್ಕಳು, ಬೆಕ್ಕಿನ ಬಾಲವನ್ನೂ ಹಾಗೆಯೇ ಅರ್ಥ ಮಾಡಿಕೊಂಡು ಮೋಸಹೋಗುತ್ತಾರೆ.

ಬಡಿಗೆಯಿಂದ ಬುದ್ಧಿ ಕಲಿಸುತ್ತೇನೆನ್ನುವವರು ತೆನಾಲಿ ರಾಮಕೃಷ್ಣನ ಕತೆಯನ್ನು ನೆನೆಯಬೇಕು. ಅವನು ಕೊಟ್ಟ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು, ಮುಂದೆ ಹಾಲು ಕಂಡರೇ ಓಡುತ್ತಿತ್ತಂತೆ. ಅದು ಕಲಿತದ್ದು ಭಯವನ್ನು ಮಾತ್ರ. ಹೊಡೆದ ಕೈಯನ್ನು ಕಂಡರೂ ಹಾಗೆಯೇ. ಓಡಲು ದಾರಿಯಿಲ್ಲದಿದ್ದರೆ ಎರಗುತ್ತದೆ. ಮುನಿದ ಬೆಕ್ಕನ್ನು ಮುಟ್ಟದೆ, ದಿಟ್ಟಿಸದೆ ದೂರ ಸರಿಯುವುದೇ ಲೇಸು. ಸಾಗಿಸಲೇಬೇಕಾದರೆ ದಪ್ಪ ಕೌದಿ ಹೊದಿಸಿ ಎತ್ತಬಹುದು. ಮರಿಗಳೊಡನೆ ಬೆರಳಾಡಿಸಿ ಆಡದೆ, ದಾರದ ತುದಿಗೆ ಚಿಂದಿ ಕಟ್ಟಿ ಆಡಿಸಬೇಕು. ಎರಡರಿಂದ ಏಳು ವಾರಗಳ ಪ್ರಾಯದಲ್ಲಿ ಮನುಷ್ಯರ ಮೃದುಸ್ಪರ್ಶ ಕಂಡ ಮರಿಗಳು ಮುಂದೆ ಸೌಮ್ಯವಾಗುತ್ತವೆಂದು ಅಮೆರಿಕದ ಎಲೀನ್ ಕಾರ್ಷ್ ಅವರ ಸಂಶೋಧನೆಗಳು 1980ರ ದಶಕದಲ್ಲಿ ತೋರಿಸಿವೆ.

ಇಷ್ಟಾಗಿಯೂ ಕಚ್ಚಿದರೆ, ಪರಚಿದರೆ ಉದಾಸೀನ ಸಲ್ಲದು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಗಾಯ ಬೇಗ ಕೀವಾಗುತ್ತದೆ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅರಿಷಿಣ, ಸುಣ್ಣ ಯಾವುದನ್ನೂ ಮೆತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುವ ಕಾಲ ಹೋಯಿತು. ಈಗ ಕೆಲವೇ ಚುಚ್ಚುಮದ್ದುಗಳು, ಸಾಮಾನ್ಯವಾಗಿ ತೋಳಿಗೆ. ಬೆಕ್ಕನ್ನು ಓಡಿಸದೆ ಹತ್ತು ದಿನ ಕಣ್ಣಿಟ್ಟು ನೋಡಬೇಕು. ಚೀಲದಲ್ಲಿ ಹಾಕಿ ಬಿಟ್ಟುಬಂದರೆ ಈ ಪರೀಕ್ಷೆಗೂ ಅವಕಾಶವಿಲ್ಲ. ರೋಗಲಕ್ಷಣ ಕಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಮನುಷ್ಯರ ರೇಬೀಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರಕಾರ 2022ರಲ್ಲಿ ಘೋಷಿಸಿದ್ದೂ ಈ ರೋಗದ ಗಂಭೀರತೆಯಿಂದಲೇ.

ಮನೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ತಾಯ್ತಂದೆಯರಲ್ಲಿ ನನ್ನದೊಂದು ವಿನಂತಿ: ಬೆಕ್ಕಿನ ಬಾಲವನ್ನೂ ಕಿವಿಯನ್ನೂ ಗಮನಿಸುವುದನ್ನು ಅವರಿಗೆ ಕಲಿಸಿರಿ. ಅದಕ್ಕೆ ಪಾಟಿ ಬೇಡ, ಪುಸ್ತಕ ಬೇಡ. ಹೊಸ್ತಿಲ ಬಳಿ ಹತ್ತು ನಿಮಿಷ ಜೊತೆಗೆ ಕುಳಿತು ನೋಡಿದರೆ ಸಾಕು.