ಜಾತ್ರೆಯ ಕೊಳಲು

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯೆಂದರೆ ಸಂಕ್ರಾಂತಿ, ನಂದಿಧ್ವಜಗಳ ಮೆರವಣಿಗೆ. ನನಗೆ ಕೊಳಲು ಮಾರುವವನೂ ಸೇರಿದರೇ ಜಾತ್ರೆ. ಗಳದ ತುದಿಗೆ ಕೊಳಲುಗಳನ್ನು ಸಿಕ್ಕಿಸಿಕೊಂಡು, ತಾನೊಂದನ್ನು ನುಡಿಸುತ್ತ ಬರುತ್ತಾನೆ. ಗಿರಾಕಿಯನ್ನು ಅವನು ಕೂಗಬೇಕಿಲ್ಲ, ಸರಕೇ ಕರೆಯುತ್ತದೆ.

ಕಳೆದ ಜಾತ್ರೆಯ ಮರುದಿನ ನಮ್ಮ ಹುಡುಗನೊಬ್ಬ ಹೊಸ ಕೊಳಲು ತಂದ. ಊದಿದರೆ ಬರೀ ಗಾಳಿ. "ಸರ್, ಅಂವ ಚಲೋದು ತಾ ಇಟ್ಕೊಂಡು ಕೆಟ್ಟದ್ದು ನನಗ ಕೊಟ್ಟಾನ್ರೀ" ಎಂದು ದೂರಿದ. ನಾನು ಊದಿದೆ, ಸ್ವರ ಹೊರಟಿತು. ಹುಡುಗ ಬೆರಗಾದ.

ಅಡ್ಡಗೊಳಲಿನಲ್ಲಿ ಉಸಿರು ರಂಧ್ರದ ಎದುರಂಚಿಗೆ ಬಡಿದು ಸೀಳಬೇಕು. ಪೂರ ಒಳಹೋದರೂ ಪೂರ ಹೊರಹೋದರೂ ನಾದವಿಲ್ಲ. ಇನ್ನು ಬೆಲೆಯ ಮಾತು: ಕಚೇರಿಯ ಕೊಳಲಿಗೆ ಶ್ರುತಿ ನೋಡಿ ನೋಡಿ ರಂಧ್ರ ತಿದ್ದುತ್ತಾರೆ. ಜಾತ್ರೆಯದಕ್ಕೆ ಅಳತೆಯ ಗುರುತು ಹಾಕಿ, ಕಾದ ಸಲಾಕೆಯಿಂದ ತೂತು ಸುಡುತ್ತಾರೆ. ಆದರೆ ಒಂದು ಬಿದಿರಿನ ಪೊಳ್ಳು ಇನ್ನೊಂದರಂತಿರುವುದಿಲ್ಲ. ಸ್ವರ ತುಸು ಆಚೀಚೆಯಾಗುತ್ತದೆ. ಅಗ್ಗದ ಗುಟ್ಟು ಇಷ್ಟೇ, ಇದರಲ್ಲಿ ಮೋಸವೇನು?

ಮಕ್ಕಳೇ, ಕೊಳ್ಳುವಾಗ ಬಿದಿರು ಸೀಳಿಲ್ಲವೆಂದು ನೋಡಿ; ಅದೇ ಕೊಳಲನ್ನು ಅವನಿಂದಲೇ ಊದಿಸಿ ಕೇಳಿ. ಕೊಟ್ಟ ಹಣಕ್ಕೆ ಬಿದಿರು ನಿಮ್ಮದಾಗುತ್ತದೆ. ವರುಷಗಟ್ಟಲೆ ಪಳಗಿಸಿದ ಉಸಿರು ಅವನಲ್ಲೇ ಉಳಿಯುತ್ತದೆ. ಚೌಕಾಸಿಯ ಹೊತ್ತಿನಲ್ಲಿ ಊದುವ ಬಗೆಯನ್ನು ಕೇಳಿಕೊಂಡರೆ ಲಾಭ ಹೆಚ್ಚು.