ವಿಯೆನ್ನಾದ ಹಳೆಯ ಆಸ್ಪತ್ರೆಯ ಅಂಗಳದಲ್ಲಿ

ಹೋದ ವೈಶಾಖದಲ್ಲಿ ಮಗಳ ಮನೆಗೆಂದು ಆಸ್ಟ್ರಿಯಾ ದೇಶದ ವಿಯೆನ್ನಾ ನಗರಕ್ಕೆ ಹೋಗಿದ್ದ ನಾವು, ಅರಮನೆಗಳನ್ನು ನೋಡಿ ಮುಗಿಸಿದ ಮೇಲೆ ಆಲ್ಸರ್ ಬೀದಿಯ ಹಳೆಯ ಆಸ್ಪತ್ರೆಗೆ ಹೊರಟೆವು. 1784ರಲ್ಲಿ ಎರಡನೆಯ ಜೋಸೆಫ್ ಚಕ್ರವರ್ತಿಯು ತೆರೆಯಿಸಿದ ಈ ಆರೋಗ್ಯಶಾಲೆಯು 1998ರಿಂದ ವಿಶ್ವವಿದ್ಯಾನಿಲಯದ ವಿದ್ಯಾಮಂದಿರವಾಗಿದೆ. ರೋಗಿಗಳು ಅಡ್ಡಾಡುತ್ತಿದ್ದ ಅಂಗಳಗಳಲ್ಲಿ ಈಗ ವಿದ್ಯಾರ್ಥಿಗಳು ಮರದ ನೆರಳಿನಲ್ಲಿ ಓದುತ್ತ ಕುಳಿತಿರುವರು.

ಇಲ್ಲಿಯ ಶಸ್ತ್ರವೈದ್ಯರಾದ ಬಿಲ್‌ರೋತ್ ಪಂಡಿತರು 1881ನೆಯ ಜನವರಿ 29ರಂದು, ತಿಂದ ಅನ್ನವು ಒಳಗೆ ನಿಲ್ಲದೆ ಕೃಶಳಾಗಿದ್ದ 43 ವರ್ಷದ ಗೃಹಿಣಿಯೊಬ್ಬಳ ಜಠರದ ಕೆಳಭಾಗವನ್ನು ಅರ್ಬುದಸಹಿತವಾಗಿ ಕತ್ತರಿಸಿ ತೆಗೆದು, ಉಳಿದುದನ್ನು ಸಣ್ಣ ಕರುಳಿಗೆ ಹೊಲಿದರು. ಅದಕ್ಕೆ ಮುನ್ನ ಬೇರೆಡೆ ಇಬ್ಬರು ವೈದ್ಯರು ಇದನ್ನು ಮಾಡಿದ್ದರೂ ರೋಗಿಗಳು ಉಳಿದಿರಲಿಲ್ಲ. ಈಕೆ ಚೇತರಿಸಿಕೊಂಡು ಮತ್ತೆ ಅನ್ನವನ್ನು ಕಂಡಳು. ಆದರೆ ರೋಗವು ಒಳಗೆ ಹರಡಿದ್ದುದರಿಂದ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡಳು. ಶಸ್ತ್ರವು ಗೆದ್ದಿತು, ಕಾಲವು ಮೀರಿತ್ತು.

ಅಂಗಳದ ಬೆಂಚಿನ ಮೇಲೆ ಕುಳಿತಾಗ ನಮಗೆ ದಿವಂಗತ ಅಣ್ಣನವರ ನೆನಪಾಯಿತು. ಅವರು ಹೊಟ್ಟೆಯುರಿಯೆಂದು ಎಂಟು ತಿಂಗಳು ಜೀರಿಗೆಯ ಕಷಾಯವನ್ನು ಕುಡಿದರು. 'ವಯಸ್ಸಾಯಿತು, ಜೀರ್ಣವಾಗುವುದಿಲ್ಲ' ಎಂದು ಅವರು ಹೇಳಿದಾಗ, ನಾಲ್ಕಕ್ಷರ ಬಲ್ಲ ನಾವೂ ಹೌದೆಂದೆವು. ವೈದ್ಯರಲ್ಲಿಗೆ ಹೋಗುವ ವೇಳೆಗೆ ಅವರಿಗೂ ಕಾಲವು ಮೀರಿತ್ತು.

ಈಗ ಬಾಯಿಯ ಮೂಲಕ ಕೊಳವೆಯನ್ನಿಳಿಸಿ ಜಠರವನ್ನು ನೋಡುವ ಎಂಡೋಸ್ಕೋಪಿಯು ನಮ್ಮ ನಾಡಿನ ದೊಡ್ಡ ಊರುಗಳಲ್ಲಿಯೂ ಉಂಟು. ಆರಂಭದಲ್ಲಿಯೇ ಕಂಡ ಅರ್ಬುದವು ಬಹುಮಟ್ಟಿಗೆ ವಾಸಿಯಾಗುವುದು. ವಾಚಕರೇ, ಮನೆಯ ಹಿರಿಯರಿಗೆ ಅನ್ನ ಸೇರದೆ ಮೈಯಿಳಿಯುತ್ತಿದ್ದರೆ ಕಷಾಯವನ್ನು ಒಲೆಯಿಂದಿಳಿಸಿ, ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ.